ಮೂರನೇ ಗೇರು ನಿಲ್ಲದ ಮಳೆಗಾಲ

ಹೋದ ತಿಂಗಳು ಮೈಸೂರಿನಲ್ಲಿ ಸೈಕಲ್ ಚೈನಿಗೆ ಹಾಕುವ ಎಣ್ಣೆ ಕೊಳ್ಳಲು ಹೋಗಿದ್ದೆ. ಅಂಗಡಿಯವರು ಬಾಟಲಿ ಕೈಗೆ ಕೊಟ್ಟ ತಕ್ಷಣ ಮುಚ್ಚಳ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. "ಮೇಡಂ, ಅದು ಸೆಂಟಲ್ಲ," ಎಂದರು ಅವರು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ ನಕ್ಕರು. ನಾನೂ ನಕ್ಕು ಮುಚ್ಚಳ ಹಾಕಿ ತಂದೆ. ಏಕೆ ಮೂಸಿದೆ ಎಂದು ವಿವರಿಸಲು ಹೊರಟರೆ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತಿತ್ತು. ಮನೆಗೆ ಬಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚೈನಿನ ಒಂದೊಂದು ಕೊಂಡಿಗೂ ಹನಿ ಬಿಡುತ್ತ ಕುಳಿತಾಗ, ಹೊರಗೆ ಮಳೆ ಹಿಡಿದುಕೊಂಡಿತು. ಎಣ್ಣೆ, ಒದ್ದೆ ಮಣ್ಣು ಎರಡೂ ಸೇರಿದ ವಾಸನೆಗೆ ನನ್ನ ಲೆಕ್ಕದಲ್ಲಿ ಯಾವಾಗಲೂ ಮೂರನೆಯದೊಂದು ಬಂದು ಸೇರಿಕೊಳ್ಳುತ್ತದೆ. ಅದು ಕತ್ತರಿಸಿಟ್ಟ ಹಿಪ್ಪುನೇರಳೆ ಸೊಪ್ಪಿನದು.

ನಾನು ಕನಕಪುರದವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಒಂದು ಸಂಶೋಧನಾ ಯೋಜನೆಯಲ್ಲಿ ಆರು ತಿಂಗಳ ಕೆಲಸ ಸಿಕ್ಕಿತ್ತು. ಮಾಗಡಿ ಸುತ್ತಮುತ್ತಲಿನ ಹತ್ತು ರೇಷ್ಮೆ ಹುಳುಮನೆಗಳಿಗೆ ಹೋಗಿ ಒಳಗಿನ ಉಷ್ಣಾಂಶ, ತೇವಾಂಶ ಅಳೆದು ಬರೆದುಕೊಳ್ಳುವುದು, ಹುಳುಗಳ ತೂಕ ನೋಡುವುದು. ಹುಳುವಿನ ಬಗ್ಗೆ ನನಗೆ ಗೊತ್ತಿದ್ದದ್ದು ಬಹಳ ಕಡಿಮೆ. ಮಾಪಕಗಳ ಬಗ್ಗೆ ಗೊತ್ತಿತ್ತು, ಅಷ್ಟೇ ಸಾಕು ಎಂದು ಯೋಜನೆಯ ಮುಖ್ಯಸ್ಥರು ಹೇಳಿದ್ದರು. ಮಾಗಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಬಸ್ಸುಗಳ ಹೊತ್ತಿಗೂ ಹುಳುಗಳ ಹೊತ್ತಿಗೂ ಹೊಂದುತ್ತಿರಲಿಲ್ಲ. ಸ್ಕೂಟರು ಓಡಿಸಲು ನನಗೆ ಬರುತ್ತಿರಲಿಲ್ಲ. ರಾಮನಗರದಲ್ಲಿ ಓದು ಮುಗಿಸಿ ಊರು ಬಿಡುತ್ತಿದ್ದ ಒಬ್ಬ ವಿದ್ಯಾರ್ಥಿನಿಯಿಂದ ಹಳೆಯ ಗೇರ್ ಸೈಕಲ್ ಕೊಂಡೆ. ಹಿಂಚಕ್ರಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಏಳು ಹಲ್ಲುಚಕ್ರಗಳು, ದೊಡ್ಡದು ಒಂದನೇ ಗೇರು. ಬಲಗೈ ಹೆಬ್ಬೆರಳಿನಿಂದ ಒತ್ತಿದರೆ ಚೈನು ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಮೊದಲ ತಿಂಗಳು ಹಾರುತ್ತಿತ್ತು.

ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ಹೋಗಿ ಬರುವುದು ಕೆಲಸ. ಪುಟ್ಟತಾಯಮ್ಮನವರ ಮನೆಗೆ ಹೋಗುವುದು ಮಾತ್ರ ಬೇರೆ. ಅವರ ಊರು ಸಾವನದುರ್ಗದ ಬೆನ್ನಿಗೆ. ತೋಟದಲ್ಲಿ ನಿಂತರೆ ಇಡೀ ಬಂಡೆ ಎದುರಿಗೆ ಇರುತ್ತಿತ್ತು, ಮಳೆ ಬರುವ ಮುಂಚೆ ಕಪ್ಪಗಾಗುತ್ತಿತ್ತು, ನಿಂತ ಮೇಲೆ ನೀರಿನ ಗೆರೆಗಳು ಹೊಳೆಯುತ್ತಿದ್ದವು. ಪುಟ್ಟತಾಯಮ್ಮನವರಿಗೆ ಐವತ್ತೈದು ಇರಬಹುದು. ಗಂಡ ಹನುಮಂತಯ್ಯ ಮಾತು ಬಹಳ ಕಡಿಮೆಯ ಮನುಷ್ಯ. ನನಗೆ ಅವರ ಜೊತೆ ಇರುವುದು ಸುಲಭವಾಗಿದ್ದದ್ದೇ ಅದಕ್ಕೆ. ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದೆವೇನೋ, ಇಬ್ಬರಿಗೂ ಕಡಿಮೆಯೆನಿಸುತ್ತಿರಲಿಲ್ಲ.

ಪುಟ್ಟತಾಯಮ್ಮ ಮೊದಲ ದಿನವೇ ಹುಳುಮನೆಯ ಕಾನೂನು ಹೇಳಿದ್ದರು. "ಚಪ್ಲಿ ಆಚೆ. ಕೈಕಾಲು ಬ್ಲೀಚಿಂಗ್ ನೀರಲ್ಲಿ ಅದ್ದಿ ಬರ್ಬೇಕು. ಪೌಡ್ರು, ಸೆಂಟು, ಹೂವು, ಏನೂ ಕೂಡ್ದು. ನಮ್ಮ ಭಾವ ನಶ್ಯ ಹಾಕ್ತಾನೆ ಅಂತ ಹದಿನೈದು ವರ್ಷದಿಂದ ಒಳೀಕೆ ಬುಟ್ಟಿಲ್ಲ. ನಿಂಗೆ ನಶ್ಯದ ಅಭ್ಯಾಸ ಐತೇನವ್ವ?"

ಇಲ್ಲ ಎಂದೆ.

"ಕೇಳೋದು ಕೇಳ್ಬೇಕಲ್ಲ. ಓದಿರೋರು ಏನೇನೋ ಕಲ್ತಿರ್ತಾರೆ."

ಒಳಗೆ ಅಟ್ಟಣಿಗೆಗಳ ಮೇಲೆ ಹುಳುಗಳು, ಅವುಗಳ ಮೇಲೆ ಸೊಪ್ಪು. ಹುಳು ಮೇವು ನಿಲ್ಲಿಸಿ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅವು ಹಗಲೂ ರಾತ್ರಿ ತಿನ್ನುತ್ತವೆ, ಆ ವಾರ ಮನೆಯವರಿಗೆ ಬೇರೆ ಬದುಕಿಲ್ಲ. ಹುಳುಮನೆಯ ಪಕ್ಕದಲ್ಲೇ ಒಂದು ತಣ್ಣನೆಯ ಕೋಣೆ. ತೋಟದಿಂದ ಕೊಯ್ದು ತಂದ ಸೊಪ್ಪು ಬಾಡದಿರಲೆಂದು ಅಲ್ಲಿ ಒದ್ದೆ ಗೋಣಿತಾಟು ಹೊದಿಸಿ ಇಡುತ್ತಿದ್ದರು. ಅದನ್ನು ಸೊಪ್ಪಿನ ಕೋಣೆ ಎನ್ನುತ್ತಿದ್ದರು. ನಾನು ಅದರೊಳಗೆ ಹೋಗುವ ಕಾರಣವಿರಲಿಲ್ಲ, ಹೋಗಿಯೂ ಇರಲಿಲ್ಲ.

ಸೈಕಲ್ಲನ್ನು ಅಂಗಳದಲ್ಲಿ ಸ್ಟ್ಯಾಂಡು ಹಾಕಿ ನಿಲ್ಲಿಸಿ ಒಳಗೆ ಹೋಗುತ್ತಿದ್ದೆ. ಎರಡು ಗಂಟೆಯ ನಂತರ ಹೊರಗೆ ಬಂದಾಗ ಅದು ಅಲ್ಲೇ, ಮೂತಿ ರಸ್ತೆಯ ಕಡೆಗೆ ತಿರುಗಿಸಿಕೊಂಡು, ಒರೆಸಿದ ಸೀಟಿನೊಂದಿಗೆ ಸಿದ್ಧವಾಗಿರುತ್ತಿತ್ತು. ಜೋರು ಮಳೆಯ ದಿನವೂ ಸೀಟು ಒಣಗಿರುತ್ತಿತ್ತು. ಹನುಮಂತಯ್ಯನವರ ಕೆಲಸ ಎಂದು ಗೊತ್ತಿತ್ತು. ಮಳೆಯಲ್ಲಿ ಎಲ್ಲಿಡುತ್ತೀರಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಯಾರಾದರೂ ಸದ್ದಿಲ್ಲದೆ ಉಪಕಾರ ಮಾಡಿದರೆ ಅದನ್ನು ಸದ್ದಿಲ್ಲದೆ ತೆಗೆದುಕೊಳ್ಳುವುದೇ ಮರ್ಯಾದೆ ಎಂದು ನಾನು ಆಗ ತಿಳಿದಿದ್ದೆ.

ನಾನು ಬಂದ ಮೇಲಿನ ಮೊದಲ ಬೆಳೆ ಚೆನ್ನಾಗಿ ಬಂತು. ಜುಲೈ ಹೊತ್ತಿಗೆ ಸೈಕಲ್ ಕೆಟ್ಟಿತು.

ಕೆಟ್ಟದ್ದು ಒಮ್ಮೆಲೇ ಅಲ್ಲ. ಮೊದಲು ಮೂರನೇ ಗೇರಿನಲ್ಲಿ ಟಿಕ್ ಟಿಕ್ ಸದ್ದು. ಆಮೇಲೆ ಮೂರಕ್ಕೆ ಹಾಕಿದರೆ ಚೈನು ತಾನಾಗಿ ನಾಲ್ಕಕ್ಕೆ ಇಳಿಯುವುದು, ಮತ್ತೆ ಹತ್ತುವುದು. ಏರು ದಾರಿಯಲ್ಲಿ ಮೈಭಾರವೆಲ್ಲ ಪೆಡಲಿನ ಮೇಲೆ ಬಿಟ್ಟಿರುವಾಗ ಅದು ಹಾರಿದರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತಿತ್ತು. ಕುದೂರು ರಸ್ತೆಯಲ್ಲಿ ಸಿದ್ದರಾಜು ಎಂಬುವರ ಸೈಕಲ್ ಅಂಗಡಿ ಇತ್ತು. ಅವರದು ಕುರಿ ಸಾಕುವ ಮನೆತನ. ಅಣ್ಣ ಮಂದೆ ನೋಡಿಕೊಳ್ಳುತ್ತಿದ್ದರು, ಇವರು ಪಂಕ್ಚರ್ ಅಂಗಡಿ ಇಟ್ಟಿದ್ದರು.

"ಗೇರ್ ಸೈಕಲ್ ಅಂದ್ರೆ ಸೊಕ್ಕಿನ ಹೋರಿ ಇದ್ದಂಗೆ ಕಣಮ್ಮ," ಎಂದರು ಸಿದ್ದರಾಜು, ಸ್ಪ್ಯಾನರ್ ಹುಡುಕುತ್ತ. "ಮೂಗುದಾರ ಒಸಿ ಬಿಗಿಯಾಗಿ ಹಿಡೀಬೇಕು." ಹಾಗೆಂದು ಗೇರಿನ ಕೇಬಲ್ಲನ್ನು ಎಳೆದು ಬಿಗಿ ಮಾಡಿದರು. ಮೂರನೇ ಗೇರು ನಿಂತಿತು. ಆದರೆ ಆರು, ಏಳು ಬೀಳುವುದನ್ನೇ ಬಿಟ್ಟವು. ಮರುವಾರ ಹೋಗಿ ಹೇಳಿದೆ. ಸಡಿಲ ಮಾಡಿದರು. ಆರು ಏಳು ಬಂದವು, ಮೂರು ಹೋಯಿತು.

"ಎಲ್ಲಾನೂ ಬೇಕು ಅಂದ್ರೆ ಹೆಂಗಮ್ಮ? ಮನ್ಸ ಏಳು ಗೇರಿಟ್ಕಂಡು ಏನ್ ಮಾಡ್ತಾನೆ? ನಮ್ಮಪ್ಪ ಗೇರೇ ಇಲ್ದೆ ಕುಣಿಗಲ್ಲಿಗೆ ಹೋಗಿ ಬತ್ತಿದ್ದ."

"ನಿಮ್ಮಪ್ಪನ ಸೈಕಲ್ ಇದ್ದರೆ ಕೊಡಿ," ಎಂದೆ.

ಅವರು ಜೋರಾಗಿ ನಕ್ಕರು. ನಾನು ಅಂಥ ಮಾತು ಆಡುವವಳೆಂದು ಅಂದುಕೊಂಡಿರಲಿಲ್ಲವೆಂದು ಕಾಣುತ್ತದೆ. ಅದೇ ಖುಷಿಯಲ್ಲಿ ಅಂಗಡಿಯ ಹಿಂದಿನಿಂದ ಒಂದು ಬಾಟಲಿ ತಂದುಕೊಟ್ಟರು. ಉದ್ದ ಮೂತಿಯ ಬಿಳಿ ಪ್ಲಾಸ್ಟಿಕ್ ಬಾಟಲಿ, ಚೀಟಿ ಕಿತ್ತುಹೋಗಿತ್ತು, ಒಳಗೆ ಎಣ್ಣೆ. "ಈ ಮೂತಿ ನೋಡಿ, ಹನಿ ಲೆಕ್ಕದಲ್ಲಿ ಬೀಳ್ತದೆ. ಚೈನು ಒಣಗ್ದಂಗೆ ನೋಡ್ಕಳಿ, ಅರ್ಧ ರೋಗ ವಾಸಿ ಆಯ್ತದೆ." ಬಾಟಲಿ ನಿಜಕ್ಕೂ ಅನುಕೂಲವಾಗಿತ್ತು. ಮೂತಿ ಚೈನಿನ ಕೊಂಡಿಗಳ ನಡುವೆ ಸರಿಯಾಗಿ ಕೂರುತ್ತಿತ್ತು. ಮಳೆಗೆ ಚೈನು ಎರಡು ದಿನಕ್ಕೇ ಕೆಂಪಾಗುತ್ತಿದ್ದುದರಿಂದ ನಾನು ಧಾರಾಳವಾಗಿಯೇ ಹಾಕುತ್ತಿದ್ದೆ.

ಆ ಬೆಳೆಯಲ್ಲಿ ಪುಟ್ಟತಾಯಮ್ಮನವರ ಹುಳು ಕೆಟ್ಟಿತು. ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಬೆಳಿಗ್ಗೆ ನಾನು ಹೋದಾಗ ಬಾಗಿಲ ಪಕ್ಕದ ಅಟ್ಟಣಿಗೆಗಳಲ್ಲಿ ಹುಳುಗಳು ಸೊಪ್ಪಿನ ಮೇಲೆ ಬಂದು ತಲೆಯೆತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. ಬಾಯಲ್ಲಿ ಹಸಿರು ನೀರು. ಸಂಜೆಗೆ ಮೈ ಗಿಡ್ಡವಾಗಿ ಬಿದ್ದವು. ಅರ್ಧಕ್ಕಿಂತ ಹೆಚ್ಚು ಗುಂಡಿಗೆ ಹೋಯಿತು. ಪುಟ್ಟತಾಯಮ್ಮ ಒಂದು ಹುಳುವನ್ನು ಅಂಗೈಯಲ್ಲಿಟ್ಟು ನೋಡಿದರು. "ಔಷ್ದಿ," ಎಂದರು. "ಇದು ರೋಗ ಅಲ್ಲ. ಪಕ್ಕದೋರು ಟೊಮೇಟೋಗೆ ಹೊಡ್ದವ್ರೆ, ಗಾಳಿ ಇತ್ತಾಗೆ ಬಂದದೆ."

ಪಕ್ಕದ ಹೊಲದವರು ತಾವು ಆ ವಾರ ಏನೂ ಹೊಡೆದಿಲ್ಲ ಎಂದರು. ಪುಟ್ಟತಾಯಮ್ಮ ನಂಬಲಿಲ್ಲ. ಬದುವಿನ ಆಚೆ ಈಚೆ ಮಾತು ನಿಂತಿತು. ಮುಂದಿನ ಬೆಳೆಗೆ ಆ ಕಡೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊಡೆಸಿದರು. ಆ ಬೆಳೆಯೂ ಅದೇ ವಾರದಲ್ಲಿ, ಅದೇ ರೀತಿ ಹೋಯಿತು.

ಆಗ ಪುಟ್ಟತಾಯಮ್ಮನವರ ಮೈದುನ ನಾಗರಾಜು ಮಾತೆತ್ತಿದರು. ಜಮೀನು ಇನ್ನೂ ಭಾಗವಾಗಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ, ಲೆಕ್ಕ ನೇರವಾಗಿತ್ತು. ಶನಿವಾರ ಭಾನುವಾರ ಬೆಟ್ಟ ಹತ್ತಲು ಬರುವವರ ಕಾರು ನಿಲ್ಲಿಸಲು, ಟೆಂಟು ಹಾಕಿಕೊಳ್ಳಲು ಜಾಗ ಮಾಡಿದರೆ ಸಾಕು, ಹಿಪ್ಪುನೇರಳೆ ಕಿತ್ತುಹಾಕೋಣ ಎಂದರು. "ಅತ್ಗಮ್ಮ, ನೀವು ಸರಿಯಾಗೇ ಸಾಕ್ತೀರಿ. ನಿಮ್ದೇನೂ ತಪ್ಪಿಲ್ಲ. ಆದ್ರೆ ಗಾಳಿಗೆ ಬೇಲಿ ಹಾಕಕಾಯ್ತದಾ? ಅಕ್ಕಪಕ್ಕ ಎಲ್ಲಾ ಔಷ್ದಿ ಹೊಡ್ಯೋ ಬೆಳೇನೇ. ಇನ್ನು ಈ ಜಾಗದಲ್ಲಿ ಹುಳ ಉಳಿಯಲ್ಲ."

ಪುಟ್ಟತಾಯಮ್ಮ ತೋಟದ ಕಡೆ ತಿರುಗಿದರು. ಆ ತೋಟ ಅವರು ಮದುವೆಯಾಗಿ ಬಂದ ವರ್ಷ ಅತ್ತೆಯೊಡನೆ ಕಡ್ಡಿ ನೆಟ್ಟದ್ದು. ಗಾಳಿಯೇ ಕಾರಣ ಎಂದವರೂ ಅವರೇ. ಜೆಸಿಬಿಯವರಿಗೆ ಮುಂದಿನ ವಾರ ಬರಲು ಹೇಳಿದ್ದಾಯಿತು.

ನನ್ನ ಹತ್ತಿರ ಒಂದೇ ನೋಟುಪುಸ್ತಕವಿತ್ತು. ಮುಂದಿನಿಂದ ಹುಳುಮನೆಯ ಅಳತೆಗಳು. ತಲೆಕೆಳಗು ಮಾಡಿ ಹಿಂದಿನಿಂದ ಸೈಕಲ್ಲಿನ ವಿಷಯ. ಸಿದ್ದರಾಜು ಅವರ ಬಿಗಿ, ಸಡಿಲದಿಂದ ಬೇಸತ್ತು ನಾನೇ ರಿಪೇರಿಗೆ ಕುಳಿತಿದ್ದೆ. ಪ್ರಯೋಗಾಲಯದಲ್ಲಿ ಕಲಿತದ್ದು ಒಂದೇ ಕ್ರಮ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಏನಾಯಿತೆಂದು ಬರೆಯಬೇಕು. ಕೇಬಲ್ಲನ್ನು ಕಾಲು ಸುತ್ತು ಬಿಗಿ ಮಾಡಿದೆ, ಓಡಿಸಿದೆ, ಬರೆದೆ. ಕೇಬಲ್ಲೇ ತುಕ್ಕು ಹಿಡಿದು ಕೊಳವೆಯೊಳಗೆ ಅಂಟುತ್ತಿದೆಯೇನೋ ಎಂದು ಹೊಸದು ಹಾಕಿಸಿದೆ. ಹೆಬ್ಬೆರಳಿಗೆ ಹಗುರವಾಯಿತು, ರೋಗ ಹೋಗಲಿಲ್ಲ. ಚೈನು ಎರಡು ತುದಿಗಳನ್ನು ದಾಟದಂತೆ ತಡೆಯುವ ಎರಡು ಪುಟ್ಟ ಸ್ಕ್ರೂಗಳಿರುತ್ತವೆ, ಅವನ್ನೂ ತಿರುಗಿಸಿ ನೋಡಿದೆ. ಎಲ್ಲದರ ನಡುವೆ, ಎಣ್ಣೆ ಹಾಕಿದ ದಿನವನ್ನೂ ಬರೆದಿದ್ದೆ. ಒಂದು ಕಡೆ, ಚೈನು ಒರೆಸುವಾಗ ಹಸಿರು ಕಲೆ, ಎಂದೂ ಬರೆದಿದ್ದೆ. ಬರೆದು, ಒರೆಸಿ, ಮುಂದೆ ಹೋಗಿದ್ದೆ.

ದೊಡ್ಡ ಹಲ್ಲುಚಕ್ರಗಳ ಕಡೆ ಸರಿ ಮಾಡಿದರೆ ಚಿಕ್ಕವುಗಳ ಕಡೆ ಕೆಡುತ್ತಿತ್ತು. ಚಿಕ್ಕವುಗಳ ಕಡೆ ಸರಿ ಮಾಡಿದರೆ ದೊಡ್ಡವುಗಳ ಕಡೆ. ಜೆಸಿಬಿಯ ಮಾತಾದ ಮರುದಿನ, ಪುಟ್ಟತಾಯಮ್ಮನವರ ಊರಿನ ಏರಿನಲ್ಲಿ ಒಂದನೇ ಗೇರಿಗೆ ಹಾಕಿದೆ, ಚೈನು ದೊಡ್ಡ ಚಕ್ರವನ್ನೂ ದಾಟಿ ಒಳಗಿನ ಕಡ್ಡಿಗಳಿಗೆ ಸಿಕ್ಕಿಕೊಂಡಿತು. ಸೈಕಲ್ ನಿಂತಲ್ಲೇ ನಿಂತಿತು, ನಾನು ಪಕ್ಕದ ಹುಲ್ಲಿಗೆ ಬಿದ್ದೆ. ದೊಡ್ಡ ಪೆಟ್ಟೇನಿಲ್ಲ. ಎದ್ದು ಕೂತಾಗ ಸೈಕಲ್ಲಿನ ಹಿಂಭಾಗ ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕಿತ್ತು. ಇಷ್ಟು ದಿನ ಅದನ್ನು ಪಕ್ಕದಿಂದಲೇ ನೋಡಿದ್ದೆ. ಹಿಂದಿನಿಂದ ನೋಡಿದಾಗ ತಿಳಿಯಿತು. ಗೇರಿನ ತೋಳು ನೇರವಾಗಿ ಇಳಿಬಿದ್ದಿರಬೇಕು, ಅದರ ಎರಡು ಪುಟ್ಟ ರಾಟೆಗಳು ಹಲ್ಲುಚಕ್ರದ ಗೆರೆಯಲ್ಲೇ ಇರಬೇಕು. ಕೆಳಗಿನ ರಾಟೆ ಚಕ್ರದ ಕಡೆಗೆ ಒಳಸರಿದಿತ್ತು. ತೋಳನ್ನು ಚೌಕಟ್ಟಿಗೆ ನೇತುಹಾಕುವ ಕಬ್ಬಿಣದ ಕಿವಿ ಬಾಗಿತ್ತು. ಕಿವಿ ಬಾಗಿದ ಮೇಲೆ ಕೇಬಲ್ಲನ್ನು ಎಷ್ಟು ಬಿಗಿ ಮಾಡಿದರೂ, ಎಷ್ಟು ಸಡಿಲ ಬಿಟ್ಟರೂ ಒಂದು ಕಡೆ ತಪ್ಪುವುದೇ.

ರಾಟೆಗೆ ಏನೋ ಸುತ್ತಿಕೊಂಡಿತ್ತು. ಉಗುರಿನಿಂದ ಎಳೆದೆ. ನಾರು. ಹಿಪ್ಪುನೇರಳೆ ಕಡ್ಡಿಯ ಹಸಿ ತೊಗಟೆಯ ನಾರು, ಎಣ್ಣೆಯಲ್ಲಿ ನೆನೆದು ಕಪ್ಪಾಗಿತ್ತು.

ಸೈಕಲ್ಲನ್ನು ತಳ್ಳಿಕೊಂಡು ಹೋದೆ. ಹುಳು ಇರಲಿಲ್ಲ, ಅಳೆಯಲು ಏನೂ ಇರಲಿಲ್ಲ. ಖಾಲಿ ಮನೆಯ ಅಳತೆಯೂ ಬೇಕೆಂದು ಮುಖ್ಯಸ್ಥರು ಹೇಳಿದ್ದಕ್ಕೆ ಹೋಗುತ್ತಿದ್ದೆ. ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋಗುವಂತೆ ಮಾಡಿ, ಬಾಗಿಲ ಹಿಂದೆ ನಿಂತೆ. ತುಂತುರು ಶುರುವಾಯಿತು. ಹನುಮಂತಯ್ಯ ಬಂದರು. ಸೈಕಲ್ಲನ್ನು ಮಗುವನ್ನು ನಡೆಸುವಂತೆ ಹಿಡಿದು ಸೊಪ್ಪಿನ ಕೋಣೆಗೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಹೋಗಿ ಇಣುಕಿದೆ. ಅವರು ಸ್ಟ್ಯಾಂಡು ಹಾಕಲಿಲ್ಲ. ಅಲ್ಲಿಯ ನೆಲ ಇಳಿಜಾರು, ಸ್ಟ್ಯಾಂಡಿನ ಮೇಲೆ ಅದು ಬಿದ್ದುಹೋಗುತ್ತಿತ್ತು. ಬಲಗಡೆಗೆ ಒರಗಿಸಿದರು, ಗೇರಿನ ತೋಳು ಇರುವ ಮಗ್ಗುಲಿಗೆ, ಕಲ್ಲುಚಪ್ಪಡಿಗೆ ಒತ್ತುವಂತೆ. ಆ ಚಪ್ಪಡಿಯ ಮೇಲೆ, ಅದರ ಸುತ್ತ, ಹುಳು ಇರುವ ದಿನಗಳಲ್ಲಿ ಸೊಪ್ಪಿನ ರಾಶಿ ಇರುತ್ತದೆ. ಬಾಗಿಲಿಗೆ ಹತ್ತಿರದ ಆ ರಾಶಿಯೇ ಬಾಗಿಲ ಪಕ್ಕದ ಅಟ್ಟಣಿಗೆಗಳಿಗೆ ಹೋಗುತ್ತದೆ.

ಮಾಗಡಿಗೆ ಹಿಂದಿರುಗುವ ದಾರಿಯಲ್ಲಿ ಮರದ ಕೆಳಗೆ ನಿಂತು ಪುಸ್ತಕ ತೆಗೆದೆ. ಹಿಂದಿನಿಂದ ಎಣ್ಣೆಯ ದಿನಗಳು, ಮುಂದಿನಿಂದ ಹುಳುವಿನ ದಿನಗಳು. ಸೋಮವಾರ ಎಣ್ಣೆ, ಮಳೆ. ಮಂಗಳವಾರ ಬಾಗಿಲ ಪಕ್ಕದಲ್ಲಿ ಹುಳು ಮೇವು ಬಿಟ್ಟಿದೆ. ಮುಂದಿನ ಬೆಳೆಯಲ್ಲೂ ಹಾಗೆಯೇ. ಎರಡೂ ನನ್ನದೇ ಅಕ್ಷರ. ಬಾಟಲಿ ತೆಗೆದು ಮೊದಲ ಬಾರಿಗೆ ಮೂಸಿದೆ. ಎಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ಇತ್ತು, ಕಟುವಾದದ್ದು.

ಸಿದ್ದರಾಜು ಅಂಗಡಿಯಲ್ಲಿ ಟ್ಯೂಬು ನೀರಿಗೆ ಅದ್ದುತ್ತಿದ್ದರು. ಇದರಲ್ಲಿ ಮುಂಚೆ ಏನಿತ್ತು ಎಂದು ಕೇಳಿದೆ.

"ಅದಾ? ನಮ್ಮಣ್ಣ ಕುರಿಗೆ ಹಚ್ಚೋ ಉಣ್ಣಿ ಔಷ್ದಿ. ಮೂತಿ ಚೆನ್ನಾಗೈತೆ ಅಂತ ಮಡಗಿದ್ದೆ. ಮೂರು ಸರ್ತಿ ತೊಳ್ದಿದ್ದೀನಿ ಕಣಮ್ಮ, ಯಾಕೆ?"

ಹೇಳಿದೆ. ಅವರ ಕೈಯಿಂದ ಟ್ಯೂಬು ನೀರಿಗೆ ಜಾರಿತು. ಅದನ್ನು ಎತ್ತಿ ಬದಿಗಿಟ್ಟರು. ಆಮೇಲೆ, "ನಂಗೆ ಹುಳದ ಮನೆ ನೆಂಟ್ರಿದಾರೆ. ನಂಗೆ ಗೊತ್ತಾಗ್ಬೇಕಿತ್ತು," ಎಂದರು. ಬಾಟಲಿಯನ್ನು ಒಡೆಯಲು ಕೈ ಚಾಚಿದರು. ಕೊಡಲಿಲ್ಲ, ಅದು ಬೇಕಿತ್ತು. ಆ ಮಧ್ಯಾಹ್ನ ಅವರೇ ಕಿವಿಯನ್ನು ನೇರ ಮಾಡಿಕೊಟ್ಟರು. ರಿಪೇರಿಗೆ ಬಂದಿದ್ದ ಇನ್ನೊಂದು ಗೇರ್ ಸೈಕಲ್ಲಿನ ಹಿಂಚಕ್ರ ಬಿಚ್ಚಿ, ಅದರ ಅಚ್ಚನ್ನು ಕಿವಿಯ ತೂತಿಗೆ ತಿರುಗಿಸಿ ಕೂರಿಸಿದರು. ಒಂದು ಚಕ್ರದ ಪಕ್ಕ ಇನ್ನೊಂದು ಚಕ್ರ ನಿಂತಂತಾಯಿತು. ಎರಡೂ ಸಮಾನಾಂತರವಾಗುವವರೆಗೆ ಹೊರಗಿನದನ್ನು ಮೆಲ್ಲಗೆ ಎಳೆದರು. ನಾನು ಮೇಲೆ, ಕೆಳಗೆ, ಮುಂದೆ, ಹಿಂದೆ ಅಂತರ ಅಳೆದು ಹೇಳುತ್ತಿದ್ದೆ. ಕಬ್ಬಿಣ ಒಮ್ಮೆ ಮೆಲ್ಲಗೆ ಕಿರುಗುಟ್ಟಿತು. ಬಿಚ್ಚಿ ಗೇರು ಕೂರಿಸಿದ ಮೇಲೆ ಏಳೂ ಬಂದವು, ಒಂದರ ಹಿಂದೆ ಒಂದು, ತುಟಿ ಪಿಟಕ್ಕೆನ್ನದೆ. ಹಳೆಯ ಎಣ್ಣೆಯೆಲ್ಲ ಹೋಗುವಂತೆ ತಾವೇ ಚೈನು, ಚಕ್ರಗಳನ್ನು ಉಜ್ಜಿ, ಹೊಸ ಚೈನು ಹಾಕಿದರು. ಇಬ್ಬರೂ ನಗಲಿಲ್ಲ.

ಮರುದಿನ ನಾನು ಹೋದಾಗ ಪುಟ್ಟತಾಯಮ್ಮ ಹುಳುಮನೆಯ ಅಟ್ಟಣಿಗೆಗಳನ್ನು ತೊಳೆಯುತ್ತಿದ್ದರು. ಕಿತ್ತುಹಾಕುವ ತೋಟಕ್ಕೆ ಅಟ್ಟಣಿಗೆ ಯಾಕೆ ತೊಳೆಯಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ನಾನು ಬಾಗಿಲಾಚೆ ನಿಂತೇ ಹೇಳಿದೆ. ನಾರು ತೋರಿಸಿದೆ, ಬಾಟಲಿ ತೋರಿಸಿದೆ, ಪುಸ್ತಕದ ಎರಡು ಪುಟ ಓದಿದೆ. ಅವರು ಪೊರಕೆ ಕೆಳಗಿಟ್ಟು ಕೇಳಿದರು.

"ಹಂಗಾದ್ರೆ ಇವ್ರು ನಿನ್ ಸೈಕಲ್ ಮುರುದ್ರು, ನಿನ್ ಸೈಕಲ್ ನಮ್ ಹುಳ ಕೊಂದ್ತು," ಎಂದರು ಕೊನೆಗೆ. ನಾನು ತಲೆಯೆತ್ತಲಿಲ್ಲ. "ಸಮ ಆಯ್ತು ಅನ್ಕಬ್ಯಾಡ. ಸೈಕಲ್ಲಿಗೆ ಉಸ್ರಿಲ್ಲ."

"ಗೊತ್ತು," ಎಂದೆ.

"ಹಸ್ರು ಕಲೆ ಕಂಡಾಗ ಒಂದ್ ಮಾತು ಕೇಳಕೇನಾಗಿತ್ತವ್ವ?"

ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ.

"ನಂಗೇಳಿದ್ರೆ ಆಗಲ್ಲ. ನಾಗ್ರಾಜನ ಮುಂದೆ ಹೇಳು. ನಾನೇಳಿದ್ರೆ ತೋಟ ಉಳಿಸ್ಕಳಕೆ ಕತೆ ಕಟ್ಟವ್ಳೆ ಅಂತಾನೆ."

ನಾಲ್ಕು ಜನರ ಮುಂದೆ ಮಾತಾಡುವುದು ನನಗೆ ಬರುವುದಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದೆ ಓದು ಮುಗಿಸಿದವಳು ನಾನು. ಇನ್ನೊಂದು ಯೋಚನೆಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಈ ಮಾತು ಹೊರಬಿದ್ದರೆ ಉಳಿದ ಒಂಬತ್ತು ಮನೆಗಳವರು ನನ್ನನ್ನು ಒಳಗೆ ಬಿಡುವುದಿಲ್ಲ, ಕೆಲಸ ಅಲ್ಲಿಗೆ ಮುಗಿಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಗಾಳಿಯ ಮೇಲೆ ತಪ್ಪು ಆಗಲೇ ಕೂತಿತ್ತು.

ಸಂಜೆ ನಾಗರಾಜು ಬಂದರು. ಜಗಲಿಯ ಮೇಲೆ ಹನುಮಂತಯ್ಯ, ಬಾಗಿಲಲ್ಲಿ ಪುಟ್ಟತಾಯಮ್ಮ. ನಾನು ಅಂಗಳದಲ್ಲಿ ನಿಂತು ಹೇಳಿದೆ. ಮೊದಲೆರಡು ವಾಕ್ಯ ನನಗೇ ಕೇಳಿಸಲಿಲ್ಲ.

"ಒಸಿ ಜೋರಾಗಿ ಹೇಳಮ್ಮ," ಎಂದರು ನಾಗರಾಜು.

ಜೋರಾಗಿ ಹೇಳಿದೆ. ಬಾಟಲಿಯನ್ನು ಅವರ ಕೈಗೆ ಕೊಟ್ಟೆ. ಅವರು ಮುಚ್ಚಳ ತೆಗೆದು ಮೂಸಿದರು, ಮುಖ ಹಿಂದಕ್ಕೆಳೆದುಕೊಂಡರು.

"ಎಮ್ಮೆಸ್ಸಿ ಓದಿದ್ದೀರಿ. ಬಾಟ್ಲು ಮೂಸಿ ನೋಡೋದು ಅದ್ರಲ್ಲಿ ಹೇಳ್ಕೊಡಲ್ವಾ?"

"ಇಲ್ಲ," ಎಂದೆ. ಅದು ನಿಜವೇ ಆಗಿತ್ತು.

ಹನುಮಂತಯ್ಯ ಆಗ ಬಾಯಿ ಬಿಟ್ಟರು. "ಬಲಗಡೀಕೆ ಒರಗ್ಸುದ್ರೆ ಬೀಳ್ತಿರ್ಲಿಲ್ಲ ಕಣಪ್ಪ. ಅದಕ್ಕೆ ಮಾಡ್ದೆ. ಚೈನು ಬಿದ್ದಿದ್ರೆ ನಾನೇ ಹಾಕಿ ಮಡಗ್ತಿದ್ದೆ. ಅದೇ ಕೈಲಿ ಸೊಪ್ಪೂ ಎತ್ತಿವ್ನಿ." ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾಗರಾಜು ಬಾಟಲಿಯನ್ನು ಜಗಲಿಯ ಅಂಚಿನಲ್ಲಿಟ್ಟು, ತೋಟದ ಕಡೆ ನೋಡಿದರು. "ಗಾಳಿ ಅಲ್ಲ ಅನ್ನಂಗಾದ್ರೆ ನಂದೇನೂ ಮಾತಿಲ್ಲ. ಇನ್ನೊಂದ್ ಬೆಳೆ ನೋಡಿ ಅತ್ಗಮ್ಮ. ಅದೂ ಹೋಯ್ತು ಅಂದ್ರೆ ಜೆಸಿಬಿಯೋನಿಗೆ ದಾರಿ ನೀವೇ ತೋರಿಸ್ಬೇಕು."

ಪುಟ್ಟತಾಯಮ್ಮ ಮರುದಿನ ಬದುವಿನ ಹತ್ತಿರ ಹೋಗಿ, ಟೊಮೇಟೊ ಕೀಳುತ್ತಿದ್ದ ಹೆಂಗಸಿಗೆ, "ಮಳೆ ಬತ್ತದೇನೇ ಇವತ್ತು?" ಎಂದು ಕೇಳಿದರಂತೆ. ಆ ಜಗಳ ಹಾಗೆ ಮುಗಿಯಿತು.

ಉಳಿದ ಮನೆಗಳಿಗೂ ನಾನೇ ಹೋಗಿ ಹೇಳಿದೆ. ನಾಲ್ಕು ಮನೆಗಳವರು ಬಾಗಿಲಿನಿಂದಲೇ ಕಳಿಸಿದರು. ಮುಖ್ಯಸ್ಥರು ಫೋನಿನಲ್ಲಿ, ಅಳತೆಗಳಲ್ಲಿ ಇಷ್ಟು ಖಾಲಿ ಬಿಟ್ಟರೆ ಕೆಲಸ ಮುಂದುವರಿಸುವುದು ಕಷ್ಟ ಎಂದರು. ಮುಂದುವರಿಸಲೂ ಇಲ್ಲ, ಆರು ತಿಂಗಳಿಗೆ ಅದು ನಿಂತಿತು.

ಪುಟ್ಟತಾಯಮ್ಮನವರು ನನ್ನನ್ನು ಬರಬೇಡ ಎನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಸೊಪ್ಪಿನ ಕೋಣೆಯನ್ನು ಸುಣ್ಣ, ಬ್ಲೀಚಿಂಗಿನಲ್ಲಿ ತೊಳೆದು, ಗೋಣಿತಾಟುಗಳನ್ನು ಸುಟ್ಟರು. ಕೊನೆಯ ಬೆಳೆಯ ಮರಿಹುಳು ಬಂದವು. ನಾನು ಸೈಕಲ್ಲನ್ನು ರಸ್ತೆಯಂಚಿನ ಹೊಂಗೆ ಮರಕ್ಕೆ ನಿಲ್ಲಿಸಿ, ಕೈತೊಳೆದು, ಕಿಟಕಿಯ ಜಾಲರಿಯ ಹೊರಗೆ ನಿಲ್ಲುತ್ತಿದ್ದೆ. ಅವರು ಒಳಗಿನಿಂದ ಮಾಪಕ ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. "ಇಪ್ಪತ್ತಾರು. ಮುಳ್ಳು ಎರಡು ಗೆರೆ ನಡುಮಧ್ಯ ನಿಂತದೆ, ಏನಂತ ಬರ್ಕತೀಯ?" ಎನ್ನುವರು. ನಾಲ್ಕನೇ ಜ್ವರ ಎದ್ದ ಮೇಲೆ ಅವರು ಮಾಪಕ ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಮೂರನೇ ದಿನ ನಾನು ಬೆಳಿಗ್ಗೆಯೇ ಹೋಗಿ ನಿಂತೆ. ಜಾಲರಿಗೆ ಕಿವಿಯಿಟ್ಟೆ. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು, ಒಣ ಎಲೆಯ ಮೇಲೆ ಸಣ್ಣ ಮಳೆ ಬಿದ್ದಂತೆ, ಬಿಡುವಿಲ್ಲದೆ ಕೇಳುತ್ತಿತ್ತು. ನಾಲ್ಕನೇ ದಿನವೂ ಕೇಳಿತು. ಐದನೇ ದಿನವೂ.

ಹುಳು ಹಣ್ಣಾದ ದಿನ ಹನುಮಂತಯ್ಯ ನನ್ನನ್ನು ಕರೆಯಲು ಹೊಂಗೆ ಮರದವರೆಗೆ ಬಂದರು. ಮೈ ಗಾಜಿನಂತೆ ತಿಳಿಯಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಕೆಲವೇ ಗಂಟೆಗಳಲ್ಲಿ ಮುಗಿಯಬೇಕಾದ ಕೆಲಸ, ಎಷ್ಟು ಕೈಗಳಿದ್ದರೂ ಸಾಲದು. ಟೊಮೇಟೊ ಹೊಲದವರೂ ಬಂದಿದ್ದರು. ನಾನು ಬಾಗಿಲಲ್ಲಿ ನಿಂತೆ.

"ನಾನು ಇಲ್ಲೇ ಇರ್ತೀನಿ. ಚಂದ್ರಿಕೆ ಎತ್ತಿಕೊಡ್ತೀನಿ," ಎಂದೆ.

"ನೀನಲ್ಲಿ ನಿಂತ್ಕಂಡ್ರೆ ಹುಳ ತಾನೇ ನಡ್ಕಂಡೋಗಿ ಹತ್ಕತದಾ? ಕೈ ತೊಳ್ಕ. ಎರಡು ಸರ್ತಿ ತೊಳ್ಕ."

ನಾಲ್ಕು ಸಲ ತೊಳೆದೆ. ಅವರು ಒಂದು ಚಂದ್ರಿಕೆಯನ್ನು ನನ್ನ ಮುಂದಿಟ್ಟರು. ನಾನು ತುಂಬಿಸಿದ ಮೇಲೆ ಅದನ್ನು ಉಳಿದವುಗಳ ಸಾಲಿಗೆ ಸೇರಿಸಲಿಲ್ಲ. ಒಯ್ದು ಮೂಲೆಯಲ್ಲಿ, ಬೇರೆಯಾಗಿ ಒರಗಿಸಿದರು. "ಬೇಜಾರ್ ಮಾಡ್ಕಬ್ಯಾಡ," ಎಂದರು. "ನಿನ್ ಮೇಲೆ ಕೋಪ ಇಲ್ಲ. ನಿನ್ ಕೈ ಮೇಲೆ ನಂಬ್ಕೆ ಇನ್ನೂ ಬಂದಿಲ್ಲ."

ಬೇಜಾರಾಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬೇರೆ ಇಡುತ್ತಿದ್ದೆ.

ಆರನೇ ದಿನ ಗೂಡು ಬಿಡಿಸುವಾಗ ಹೋದೆ. ನೆಲದ ಮೇಲೆ ಹಾಸಿದ ಬಿಳಿ ಬಟ್ಟೆಯ ಮೇಲೆ ರಾಶಿ ಬೀಳುತ್ತಿತ್ತು. ನಾಗರಾಜು ಕೂಡ ಕಾಲು ಮಡಚಿ ಕೂತು ಬಿಡಿಸುತ್ತಿದ್ದರು. ಪುಟ್ಟತಾಯಮ್ಮ ಎದ್ದು ಮೂಲೆಯ ಚಂದ್ರಿಕೆ ತಂದು ಮಡಿಲ ಹತ್ತಿರ ಇಟ್ಟುಕೊಂಡರು. ಅದನ್ನು ತಾವೇ ಬಿಡಿಸಿದರು, ಒಂದು ಮೊರದೊಳಗೆ ಹಾಕುತ್ತ. ಒಂದೊಂದನ್ನೂ ಬೆರಳಲ್ಲಿ ಒತ್ತಿದರು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ಒಳಗೆ ಹುಳು ಸತ್ತು ಕರಗಿದ್ದರೆ ಗೂಡು ಸದ್ದು ಮಾಡುವುದಿಲ್ಲ. ಮತ್ತೊಂದನ್ನು ಅಲ್ಲಾಡಿಸಿದರು. ಎರಡೂ ಒಳಗಿನಿಂದ ಟಕಟಕ ಎಂದವು. ಆಮೇಲೆ ಅವರು ಮೊರವನ್ನು ಎತ್ತಿ, ಅದರಲ್ಲಿದ್ದ ಗೂಡುಗಳನ್ನೆಲ್ಲ ದೊಡ್ಡ ರಾಶಿಯ ಮೇಲೆ ಸುರಿದು, ಅಂಗೈಯಿಂದ ಒಮ್ಮೆ ಕಲಸಿಬಿಟ್ಟರು.